ಹುಳುಮನೆಗೆ ಬೀಡಿ ಹಚ್ಚಿಕೊಂಡು ಹೋಗುತ್ತೀರಾ?

(ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಹೈಸ್ಕೂಲು ಮಕ್ಕಳ ಅಪ್ಪ-ಅಮ್ಮಂದಿರ ಮುಂದೆ, ಮಕ್ಕಳಿಗೆ ಅಂಟುವ ಕುಡಿತ ಮತ್ತು ಮಾದಕ ವಸ್ತುಗಳ ಬಗ್ಗೆ ಆಡಿದ ಮಾತು. ಆಮೇಲೆ ನೆನಪಿನಿಂದ ಬರೆದುಕೊಂಡೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ನಾನು ಡಾಕ್ಟರ್ ಅಲ್ಲ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮಕ್ಕಳನ್ನು ದಿನಕ್ಕೆ ಏಳು ಗಂಟೆ ನೋಡುತ್ತೇನೆ. ಅವರ ಬ್ಯಾಗಿನಲ್ಲಿ ಏನಿರುತ್ತದೆ ಅಂತ ನಿಮಗಿಂತ ಸ್ವಲ್ಪ ಮೊದಲೇ ಗೊತ್ತಾಗುತ್ತದೆ. ಅಷ್ಟೇ ನನ್ನ ಅರ್ಹತೆ.

ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ. ತಲೆಬುರುಡೆ, ಎರಡು ಮೂಳೆ, ಒಂದು ಸಿರಿಂಜು, ಕೆಂಪು ಅಕ್ಷರ. ಇದನ್ನು ನೋಡಿದರೆ ನಿಮ್ಮ ಮಗನಿಗೆ ಏನನ್ನಿಸುತ್ತದೆ ಗೊತ್ತಾ? ‘ಇದು ನನ್ನ ವಿಷಯ ಅಲ್ಲ’ ಅನ್ನಿಸುತ್ತದೆ. ಯಾಕೆಂದರೆ ಅವನು ಕುಡಿದಿದ್ದು ಬುರುಡೆ ಗುರುತಿನ ಬಾಟಲಿಯಿಂದ ಅಲ್ಲ. ಮಾವನ ಲೋಟದಿಂದ.

ಕೈ ಎತ್ತಿ ಅಂದರೆ ಯಾರೂ ಎತ್ತುವುದಿಲ್ಲ, ಗೊತ್ತು. ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮಲ್ಲಿ ಕುಡಿಯುವವರು ಇದ್ದೀರಿ, ಕುಡಿದು ಬಿಟ್ಟವರೂ ಇದ್ದೀರಿ. ನಿಮಗೆ ಮೊದಲ ಗುಟುಕು ಕೊಟ್ಟವರು ಯಾರು? ದಾರಿಯಲ್ಲಿ ಹೋಗುವ ಯಾವನೋ ಅಪರಿಚಿತನಾ?

(ಇಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಜೋರಾಗಿ ಹೇಳಿದರು: “ನಮ್ಮ ಸೋದರಮಾವ ಸಾರ್. ಹೊಸತೊಡಕು ದಿನ. ಆಗೆಲ್ಲಾ ಸಾರಾಯಿ.” ಸಭೆ ನಕ್ಕಿತು. ನಾನೂ ನಕ್ಕೆ.)

ಸಾರಾಯಿ 2007ರ ಜುಲೈ 1ಕ್ಕೆ ನಿಂತುಹೋಯಿತು. ಸೋದರಮಾವ ನಿಂತಿಲ್ಲ.

ಸ್ವಲ್ಪ ಯೋಚನೆ ಮಾಡಿ. ಮಗುವಿಗೆ ಶೀತ ಆದರೆ ಎರಡು ಚಮಚ ಬ್ರಾಂದಿ ಕುಡಿಸುವವರು ನಾವೇ. ಯುಗಾದಿ ಮಾರನೇ ದಿನ ಬಾಡೂಟಕ್ಕೆ ಕೂತು, ಪಕ್ಕದಲ್ಲಿದ್ದ ಹನ್ನೆರಡು ವರ್ಷದ ಹುಡುಗನಿಗೆ “ಒಂದು ಗುಟುಕು ಹಾಕೋ, ಗಂಡಸಲ್ವೇನೋ” ಅನ್ನುವವರೂ ನಾವೇ. ಗಣೇಶನ್ನ ಬಿಡುವ ರಾತ್ರಿ ತಮಟೆ ಮುಂದೆ ಕುಣಿಯುವ ಹುಡುಗರಿಗೆ ನೀರಿನ ಬಾಟಲಿಯಲ್ಲಿ ಬೆರೆಸಿ ಕೊಡುವವರು ಊರಿನ ಅಣ್ಣಂದಿರೇ. ಇನ್ನು ಮಹಾಲಯ ಅಮಾವಾಸ್ಯೆ. ಅಜ್ಜನ ಫೋಟೋ ಮುಂದೆ ಬಾಳೆ ಎಲೆ ಹಾಕಿ ಎಡೆ ಇಡುತ್ತೇವೆ. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಅಜ್ಜನಿಗೆ ಇಷ್ಟ ಆಗಿದ್ದು. ಹಿರಿಯರು ಬಂದು ಉಂಡು ಹೋಗಲಿ ಅಂತ ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಬಾಗಿಲು ತೆಗೆದ ಮೇಲೆ ಎಡೆಯಲ್ಲಿದ್ದ ವಡೆ ಪ್ರಸಾದ. ಹಾಗಾದರೆ ಬಾಟಲಿ ಏನು? ಮಗು ಬಾಯಿಬಿಟ್ಟು ಕೇಳುವುದಿಲ್ಲ. ನೋಡಿಕೊಳ್ಳುತ್ತದೆ.

ಆಚಾರ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಎಡೆ ಇಡುತ್ತೇವೆ. ‘ಕೆಟ್ಟ ಸಹವಾಸ, ಕೆಟ್ಟ ಸ್ನೇಹಿತರು’ ಅಂತ ಹೇಳುತ್ತೇವಲ್ಲ, ಆ ಪಟ್ಟಿಯಲ್ಲಿ ಮೊದಲ ಹೆಸರು ಯಾರದು ಅಂತ ನೋಡಿಕೊಳ್ಳೋಣ ಅನ್ನುತ್ತಿದ್ದೇನೆ.

ಮಕ್ಕಳ ಕೈಲಿ ಪ್ರಮಾಣ ಮಾಡಿಸಲು ನಾನು ಬಂದಿಲ್ಲ. ನನ್ನದು ಒಂದೇ ಬೇಡಿಕೆ. ಮೊದಲ ಗುಟುಕು ತಡ ಆಗಲಿ. ಎಷ್ಟು ತಡವೋ ಅಷ್ಟು ಲಾಭ. ಹದಿಮೂರಕ್ಕೂ ಹದಿನೇಳಕ್ಕೂ ಬಹಳ ವ್ಯತ್ಯಾಸ ಇದೆ. ಹದಿನೇಳಕ್ಕೂ ಇಪ್ಪತ್ತೊಂದಕ್ಕೂ ಮತ್ತೆ ವ್ಯತ್ಯಾಸ ಇದೆ. ಯಾಕೆ ಅಂತ ಬೇರೆ ಊರಿನಲ್ಲಾದರೆ ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆದು ತೋರಿಸಬೇಕು. ಇಲ್ಲಿ ಬೇಡ. ನೀವು ಹುಳು ಸಾಕುವವರು.

ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಗೊತ್ತಿಲ್ಲದವರಿಗೆ ಸುಮ್ನೆ ನಿದ್ದೆ ಮಾಡಿದ ಹಾಗೆ ಕಾಣುತ್ತದೆ. ಒಳಗೆ ಹಳೇ ಚರ್ಮ ಕಳಚಿ ಹೊಸದು ಬರುತ್ತಿರುತ್ತದೆ. ಆಗ ನೀವು ಹಿಪ್ಪುನೇರಳೆ ಸೊಪ್ಪು ಹಾಕುವುದಿಲ್ಲ. ಸುಣ್ಣ ಉದುರಿಸಿ ಹಾಸಿಗೆ ಒಣಗಿಸುತ್ತೀರಿ. ಕೈ ಹಾಕಿ ಕೆದಕುವುದಿಲ್ಲ. ಚಾಕಿಯಲ್ಲಿ, ಅಂದರೆ ಮರಿಹುಳು ಸಾಕುವಾಗ ಆದ ತಪ್ಪು ಇಪ್ಪತ್ತೈದನೇ ದಿನ ಗೂಡಿನಲ್ಲಿ ಗೊತ್ತಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೊಗೆಸೊಪ್ಪಿನ ವಿಷಯವೂ ಗೊತ್ತು. ಅದರ ನಿಕೋಟಿನ್ ಸ್ವಲ್ಪ ತಾಗಿದರೂ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಅದಕ್ಕೇ ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆಯಬಾರದು ಅನ್ನುತ್ತಾರೆ. ಹುಳುಮನೆ ಬಾಗಿಲಲ್ಲಿ ಕೈಕಾಲು ತೊಳೆದು, ಬ್ಲೀಚಿಂಗ್ ಪೌಡರ್ ತುಳಿದು ಒಳಗೆ ಹೋಗುತ್ತೀರಿ. ಬೀಡಿ ಹಚ್ಚಿಕೊಂಡು ಯಾರಾದರೂ ಹುಳುಮನೆಗೆ ಹೋಗುತ್ತೀರಾ? ಯಾರಾದರೂ ಹಾಗೆ ಬಂದರೆ ಸುಮ್ನೆ ಬಿಡುತ್ತೀರಾ?

ಅದೇ ಮನೆಯ ಜಗಲಿಯಲ್ಲಿ ಹದಿಮೂರು ವರ್ಷದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಚ್ಚುತ್ತೇವೆ.

ಹನ್ನೆರಡರಿಂದ ಇಪ್ಪತ್ತೈದರವರೆಗೆ ಮನುಷ್ಯನ ಮೆದುಳೂ ಜ್ವರಕ್ಕೆ ಕೂತಿರುತ್ತದೆ. ಗಾತ್ರ ಬೆಳೆದಿರುತ್ತದೆ ನಿಜ. ಆರು ವರ್ಷದ ಮಗುವಿನ ಮೆದುಳೇ ಗಾತ್ರದಲ್ಲಿ ದೊಡ್ಡವರದಕ್ಕೆ ಹತ್ತಿರ ಇರುತ್ತದೆ. ಆದರೆ ಒಳಗಿನ ಕೆಲಸ ಮುಗಿದಿರುವುದಿಲ್ಲ. ಬೇಡದ ಜೋಡಣೆಗಳನ್ನು ಮೆದುಳು ಕಳಚುತ್ತಿರುತ್ತದೆ. ಬೇಕಾದ ನರಗಳಿಗೆ ಕೊಬ್ಬಿನ ಹೊದಿಕೆ ಹಾಕುತ್ತಿರುತ್ತದೆ, ಕರೆಂಟ್ ವೈರಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಈ ಕೆಲಸ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಕೊನೆಗೆ ಮುಗಿಯುವುದು ಹಣೆಯ ಹಿಂದಿನ ಭಾಗ. ‘ತಡಿ, ನಾಳೆ ಏನಾಗುತ್ತದೆ ನೋಡು’ ಅಂತ ಹೇಳುವ ಭಾಗ ಅದು. ‘ಇನ್ನೊಂದು ಸಲ, ಇನ್ನೊಂದು ಸಲ’ ಅನ್ನುವ ಭಾಗ ಮಾತ್ರ ಹದಿಮೂರಕ್ಕೇ ಜೋರಾಗಿ ಕೆಲಸ ಶುರು ಮಾಡಿರುತ್ತದೆ. ಖುಷಿ ಆದಾಗ ಅಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಹರಿಯುತ್ತದೆ. ಹೊಸ ರುಚಿ, ಸ್ನೇಹಿತರ ಶಭಾಷ್, ಬೈಕಿನ ವೇಗ, ಎಲ್ಲದಕ್ಕೂ ಹರಿಯುತ್ತದೆ. ಮದ್ಯ, ಗಾಂಜಾ, ನಿಕೋಟಿನ್ ಅದೇ ಕಾಲುವೆಯ ತೂಬನ್ನು ಪೂರ್ತಿ ಎತ್ತಿಬಿಡುತ್ತವೆ. ಬೆಳೆಯುತ್ತಿರುವ ಮೆದುಳು ಅದನ್ನೇ ಪಾಠ ಅಂತ ಕಲಿಯುತ್ತದೆ.

1997ರಲ್ಲಿ ಅಮೆರಿಕದಲ್ಲಿ ಬ್ರಿಜೆಟ್ ಗ್ರಾಂಟ್ ಮತ್ತು ಡೆಬೊರಾ ಡಾಸನ್ ಅನ್ನುವ ಇಬ್ಬರು ಒಂದು ಲೆಕ್ಕ ಹಾಕಿದರು. ಇಪ್ಪತ್ತೇಳು ಸಾವಿರಕ್ಕೂ ಜಾಸ್ತಿ ಕುಡಿಯುವವರ, ಕುಡಿದು ಬಿಟ್ಟವರ ವಿವರ ಅವರ ಕೈಯಲ್ಲಿತ್ತು. 15 ತುಂಬುವ ಮೊದಲೇ ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 40 ಜನ ಜೀವನದಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಕುಡಿತದ ದಾಸರಾಗಿದ್ದರು. ಇಪ್ಪತ್ತು ದಾಟಿದ ಮೇಲೆ ಶುರು ಮಾಡಿದವರಲ್ಲಿ ಅದು ನೂರಕ್ಕೆ ಸುಮಾರು 10. ನಾಲ್ಕು ಪಟ್ಟು.

ಇದರಲ್ಲಿ ಒಂದು ತೊಡಕಿದೆ, ಮುಚ್ಚಿಡಬಾರದು. ಬೇಗ ಕುಡಿದಿದ್ದಕ್ಕೇ ಹಾಗಾಯಿತಾ, ಅಥವಾ ಬೇಗ ಕುಡಿಯುವ ಮನೆಯಲ್ಲಿ ಹುಟ್ಟಿದ್ದಕ್ಕಾ? ಎರಡೂ ಸೇರಿರುತ್ತವೆ. ಕುಡಿತದ ದಾಸ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದಿಂದ ಬರುವಂಥದ್ದು ಅಂತ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಹೇಳುತ್ತವೆ. ವಂಶವನ್ನು ನಾವು ಬದಲಾಯಿಸಲು ಆಗುವುದಿಲ್ಲ. ವಯಸ್ಸನ್ನು ತಳ್ಳಬಹುದು. ಅಪ್ಪನಿಗೋ ತಾತನಿಗೋ ಕುಡಿತ ಅಂಟಿದ್ದ ಮನೆಯಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ.

ವಂಶದ ಮಾತು ಬಂತಲ್ಲ, ನಮ್ಮ ಕಡೆಯ ಒಂದು ಹೊಗಳಿಕೆ ನೆನಪಾಯಿತು. “ನಮ್ಮ ಹುಡುಗ ಎಷ್ಟು ಹಾಕಿದ್ರೂ ಗಟ್ಟಿ ನಿಲ್ತಾನೆ.” ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಕುಡುಕರ ಗಂಡುಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಅವರಿಗೆ ಕಂಡಿದ್ದು ಉಲ್ಟಾ. ಹರೆಯದಲ್ಲಿ ಕುಡಿದರೂ ತೂರಾಡದವನೇ, ನಶೆ ತಲೆಗೇರದವನೇ ಮುಂದೆ ಜಾಸ್ತಿ ಸಿಕ್ಕಿಬೀಳುತ್ತಾನೆ. ಒಂದು ಲೋಟಕ್ಕೆ ವಾಂತಿ ಮಾಡಿಕೊಂಡು ಮಲಗುವ ಹುಡುಗನಿಗೆ ಅವನ ಮೈಯೇ ಬೇಲಿ. ಗಟ್ಟಿ ನಿಲ್ಲುವವನಿಗೆ ಬೇಲಿಯೇ ಇಲ್ಲ.

ಈಗ ಬಿಯರು. ಹತ್ತನೇ ಕ್ಲಾಸಿನ ಹುಡುಗರು ನನ್ನ ಹತ್ತಿರ ನೇರವಾಗಿ ಹೇಳಿದ್ದಾರೆ: “ಸಾರ್, ಬಿಯರ್ ಎಣ್ಣೆ ಅಲ್ಲ.” ಅವರಿಗೆ ಎಣ್ಣೆ ಅಂದರೆ ಪ್ಯಾಕೆಟ್, ಕ್ವಾರ್ಟರ್. ಬಿಯರ್ ಅಂದರೆ ಒಂಥರಾ ಕಹಿ ಜ್ಯೂಸು. ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಇಲ್ಲೂ ಮಾಡೋಣ.

ಸ್ಟ್ರಾಂಗ್ ಬಿಯರ್ ಬಾಟಲಿ 650 ಮಿಲಿ. ಲೇಬಲ್ ಮೇಲೆ 8 ಪರ್ಸೆಂಟ್ ವರೆಗೆ ಅಂತ ಬರೆದಿರುತ್ತದೆ. 650ರಲ್ಲಿ ನೂರಕ್ಕೆ 8 ಅಂದರೆ 52 ಮಿಲಿ ಬರೀ ಆಲ್ಕೋಹಾಲು. ತೂಕದಲ್ಲಿ ಸುಮಾರು 41 ಗ್ರಾಂ. ಈಗ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ 90 ಮಿಲಿ ಪ್ಯಾಕೆಟ್ಟು. ಅದರ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದೆ. ಲೆಕ್ಕ ಹಾಕಿದರೆ ಸುಮಾರು 30 ಗ್ರಾಂ. ಹಾಗಾದರೆ ಯಾವುದು ಎಣ್ಣೆ, ಯಾವುದು ಜ್ಯೂಸು? ಒಂದು ಬಾಟಲಿ ಬಿಯರಿನಲ್ಲಿ ಒಂದೂಕಾಲು ಪ್ಯಾಕೆಟ್ಟಿಗಿಂತ ಜಾಸ್ತಿ ಇದೆ. ದೊಡ್ಡ ಆಳಿನ ಲಿವರ್ರು ಗಂಟೆಗೆ ಏಳರಿಂದ ಹತ್ತು ಗ್ರಾಂ ಇಳಿಸುತ್ತದೆ. ಮೊಸರು ಕುಡಿದರೂ ಅಷ್ಟೇ, ನಿಂಬೆಹಣ್ಣು ಹಿಂಡಿದರೂ ಅಷ್ಟೇ. ಸಂಜೆ ಏಳಕ್ಕೆ ಒಂದು ಬಾಟಲಿ ಮುಗಿಸಿದ ನಲವತ್ತೈದು ಕೆಜಿ ಹುಡುಗ ರಾತ್ರಿ ಹತ್ತಕ್ಕೆ ‘ಈಗ ಇಳಿದಿದೆ’ ಅಂತ ಬೈಕ್ ಹತ್ತುತ್ತಾನೆ. ಇಳಿದಿರುವುದಿಲ್ಲ.

ಆ ಲೆಕ್ಕ ಮಾಡಿದ ದಿನ ಕ್ಲಾಸು ಬಹಳ ನಿಶ್ಶಬ್ದ ಇತ್ತು. ಬುರುಡೆ ಚಿತ್ರ ಕೊಡದ ನಿಶ್ಶಬ್ದ.

ಇನ್ನೊಂದು ಮಾತು ನನಗೆ ಹೇಳುವುದು ಕಷ್ಟ. ಹೇಳದಿದ್ದರೆ ಇಲ್ಲಿ ನಿಂತಿರುವುದಕ್ಕೆ ಅರ್ಥ ಇಲ್ಲ. ಶಾಲೆಯ ಹೆಸರು, ಹುಡುಗನ ಹೆಸರು ಬೇಡ.

ಒಂಬತ್ತನೇ ಕ್ಲಾಸಿನ ಹುಡುಗ. ಹೃದಯದ ಚಿತ್ರ ನನಗಿಂತ ಚೆನ್ನಾಗಿ ಬರೆಯುತ್ತಿದ್ದ. ಅವನು ಹತ್ತಿರ ಬಂದರೆ ಪಂಕ್ಚರ್ ಅಂಗಡಿಯ ವಾಸನೆ ಬರುತ್ತಿತ್ತು. ಬಾಯಿಯ ಸುತ್ತ, ಮೂಗಿನ ಕೆಳಗೆ ಕೆಂಪಗೆ ಗಂದೆ. ತಲೆನೋವು ಅಂತ ಬೆಂಚಿನ ಮೇಲೆ ಮಲಗುತ್ತಿದ್ದ. ನನಗೆ ತಿಂಗಳುಗಟ್ಟಲೆ ಹೊಳೆಯಲಿಲ್ಲ. ಒಂದು ದಿನ ಬ್ಯಾಗಿನಲ್ಲಿ ಪಂಕ್ಚರ್ ಸೊಲ್ಯೂಷನ್ ಟ್ಯೂಬು, ಒಂದು ಕರ್ಚೀಫು ಸಿಕ್ಕಿದವು. ನಾನು ಏನು ಮಾಡಿದೆ ಗೊತ್ತಾ? ಮಾರನೇ ದಿನ ಪ್ರಾರ್ಥನೆ ಹೊತ್ತಿನಲ್ಲಿ ಅವನನ್ನು ಮುಂದೆ ಕರೆದು, ಟ್ಯೂಬು ಎತ್ತಿ ಎಲ್ಲರಿಗೂ ತೋರಿಸಿದೆ. ಅಪ್ಪನನ್ನು ಕರೆಸಿದೆವು. ಅಪ್ಪ ಸ್ಟಾಫ್‌ರೂಮಿನ ಮುಂದೆಯೇ ಬೆಲ್ಟ್ ಬಿಚ್ಚಿ ಹೊಡೆದ. ನಾವು ಐದಾರು ಜನ ಮೇಷ್ಟ್ರುಗಳು ನಿಂತು ನೋಡಿದೆವು. ದಸರಾ ರಜೆ ಮುಗಿದ ಮೇಲೆ ಹುಡುಗ ಬರಲಿಲ್ಲ.

ನಾಲ್ಕು ವರ್ಷ ಆದ ಮೇಲೆ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಮೂಟೆ ಹೊರುತ್ತಿದ್ದ. “ಸಾರ್, ಟೀ ಕುಡೀರಿ” ಅಂತ ಕರೆದುಕೊಂಡು ಹೋದ. ಟೀ ಕುಡಿಯುತ್ತಾ ಹೇಳಿದ. ಆಗ ಅಮ್ಮ ತೀರಿಕೊಂಡಿದ್ದರಂತೆ. ಇವನು ಬೆಳಗಿನ ಜಾವ ನೂಲು ಬಿಚ್ಚುವ ಕಡೆ ಕೆಲಸಕ್ಕೆ ಹೋಗಿ, ಅಲ್ಲಿಂದ ಸ್ಕೂಲಿಗೆ ಬರುತ್ತಿದ್ದನಂತೆ. “ಅದನ್ನ ಮೂಸಿದ್ರೆ ಹಸಿವು ಗೊತ್ತಾಗ್ತಿರಲಿಲ್ಲ ಸಾರ್. ಮಧ್ಯಾಹ್ನದ ಊಟದವರೆಗೂ ತಡೀಬಹುದಿತ್ತು.” ನಾನು ಯಾಕೋ ಮೊದಲೇ ಹೇಳಲಿಲ್ಲ ಅಂದೆ. “ನೀವು ಎಲ್ಲಿಂದ ತಂದೆ ಅಂತ ಕೇಳಿದ್ರಿ ಸಾರ್. ಯಾಕೆ ಅಂತ ಕೇಳಲಿಲ್ಲ.”

ಟೀ ದುಡ್ಡು ಅವನೇ ಕೊಟ್ಟ.

ಮೂಸುವ ವಸ್ತುಗಳ ಬಗ್ಗೆ ನಿಮಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಕೇಂದ್ರ ಸರ್ಕಾರ ದೆಹಲಿಯ ಏಮ್ಸ್ ಆಸ್ಪತ್ರೆಯ ಕೈಲಿ ಮಾಡಿಸಿದ ದೇಶದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯ, ಗಾಂಜಾ, ಅಫೀಮು, ಎಲ್ಲದರಲ್ಲೂ ದೊಡ್ಡವರದೇ ಮೇಲುಗೈ. ಮೂಸುವುದರಲ್ಲಿ ಮಾತ್ರ ಮಕ್ಕಳ ಪ್ರಮಾಣ ದೊಡ್ಡವರದಕ್ಕಿಂತ ಜಾಸ್ತಿ, ಸುಮಾರು ಎರಡು ಪಟ್ಟು. ಚಿಕಿತ್ಸೆಯೋ ಸಹಾಯವೋ ಬೇಕಾದ ಮಕ್ಕಳೇ ದೇಶದಲ್ಲಿ 4.6 ಲಕ್ಷ ಅಂತ ಆ ವರದಿ ಅಂದಾಜು ಮಾಡಿತು. ಯಾಕೆ ಮಕ್ಕಳು? ಅಗ್ಗ, ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ಯಾರೂ ವಯಸ್ಸು ಕೇಳುವುದಿಲ್ಲ. ಅದರಲ್ಲಿರುವ ಟೊಲುಯಿನ್ ಥರದ ದ್ರಾವಕ ಕೊಬ್ಬನ್ನು ಕರಗಿಸುವಂಥದ್ದು. ಆಗ ಹೇಳಿದೆನಲ್ಲ, ನರದ ಮೇಲಿನ ಹೊದಿಕೆ? ಅದೂ ಕೊಬ್ಬೇ. ವರ್ಷಗಟ್ಟಲೆ ಮೂಸಿದವರಲ್ಲಿ ಆ ಹೊದಿಕೆಯೇ ಹಾಳಾಗುತ್ತದೆ. ಕೆಲವು ಸಲ ಮೊದಲ ಸಲವೇ ಹೃದಯದ ಬಡಿತ ತಪ್ಪಿ ಸಾವೂ ಆಗುತ್ತದೆ. ಕುಡಿತದ ವಾಸನೆ ಹುಡುಕುವ ನಾವು ಈ ವಾಸನೆಯನ್ನು ಸೈಕಲ್ ರಿಪೇರಿ ಅಂದುಕೊಂಡು ಸುಮ್ಮನಾಗುತ್ತೇವೆ.

ಗಾಂಜಾ. ಹುಡುಗರ ಬಾಯಲ್ಲಿ ಅದಕ್ಕೆ ‘ಸೊಪ್ಪು’. ನಮ್ಮ ತಾಲ್ಲೂಕಿಗೆ ಇದರಷ್ಟು ಅನುಕೂಲದ ಹೆಸರು ಬೇರೆ ಇಲ್ಲ. ಒಬ್ಬ ತಂದೆ ನನ್ನ ಹತ್ತಿರ ಹೇಳಿಕೊಂಡರು: “ಮಗ ಫೋನಲ್ಲಿ ‘ಸೊಪ್ಪು ಇದೆಯಾ, ಎಷ್ಟಿದೆ’ ಅಂತ ಕೇಳ್ತಿದ್ದ ಸಾರ್. ಪರವಾಗಿಲ್ಲ, ತೋಟದ ಮೇಲೆ ಗಮನ ಬಂತಲ್ಲ ಅಂತ ಖುಷಿಪಟ್ಟೆ.” ಗಿಡದಿಂದ ಬಂದಿದ್ದು, ಏನೂ ಆಗಲ್ಲ ಅನ್ನುವುದು ಹುಡುಗರ ವಾದ. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ 45 ಸಾವಿರ ಹುಡುಗರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟ ಆಯಿತು. ಸೇರುವ ಹೊತ್ತಿಗೇ ಐವತ್ತಕ್ಕಿಂತ ಜಾಸ್ತಿ ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಸೇದದವರಿಗಿಂತ ಆರು ಪಟ್ಟು ಕಂಡಿತ್ತು. ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಹುಡುಗನ ಮುಖ ನೋಡಿ ಹೇಳಲೂ ಬರುವುದಿಲ್ಲ.

ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು ಬಗ್ಗೆ ಒಂದೇ ಮಾತು. ಅಜ್ಜಿಗೆ ಬರೆದುಕೊಟ್ಟ ಮಾತ್ರೆಗಳನ್ನು ಎಣಿಸಿ ಇಡಿ.

ಈಗ ಯಾಕೆ ಅನ್ನುವ ಪ್ರಶ್ನೆ. ಆ ಹುಡುಗ ಸಿಕ್ಕಿದ ಮೇಲೆ ನಾನು ಕೇಳುವುದನ್ನು ಕಲಿತೆ. ಉತ್ತರಗಳು ಬಹಳ ಸಾದಾ ಇರುತ್ತವೆ. “ಎಲ್ಲರೂ ಹಾಕ್ತಿದ್ರು ಸಾರ್.” “ನಿದ್ದೆ ಬರಲ್ಲ ಸಾರ್, ಮನೇಲಿ ರಾತ್ರಿ ಗಲಾಟೆ.” ಟೊಮೆಟೊ ಸೀಸನ್ನಿನಲ್ಲಿ ಲೋಡಿಂಗಿಗೆ ಹೋಗುವ ಹುಡುಗರಿಗೆ ಕೈಯಲ್ಲಿ ದಿನದ ದುಡ್ಡು, ಮೈಯಲ್ಲಿ ನೋವು, ಪಕ್ಕದಲ್ಲಿ ಕುಡಿಯುವ ದೊಡ್ಡವರು. ಮೂರೂ ಸೇರಿದರೆ ಇನ್ನೇನು ಬೇಕು? ಒಬ್ಬ ಹುಡುಗಿ ಹೇಳಿದಳು: “ಅಪ್ಪ ಮಲಗಿದ ಮೇಲೆ ಲೋಟದಲ್ಲಿ ಉಳಿದಿದ್ದನ್ನ ಕುಡಿದು ನೋಡಿದೆ ಸಾರ್. ಅದರಲ್ಲಿ ಏನಿದೆ, ಅಪ್ಪ ನಮ್ಮನ್ನ ಬಿಟ್ಟು ಅದನ್ನೇ ಯಾಕೆ ಇಷ್ಟಪಡ್ತಾರೆ ಅಂತ ಗೊತ್ತಾಗಬೇಕಿತ್ತು.” ಇದಕ್ಕೆ ಯಾವ ಮೇಷ್ಟ್ರ ಹತ್ತಿರ ಉತ್ತರ ಇದೆ?

ನನ್ನ ಥರದವರ ಭಾಷಣದಿಂದ ಇದೆಲ್ಲ ನಿಲ್ಲುತ್ತದೆ ಅಂತ ನಾನೂ ನಂಬಿಲ್ಲ. ಅಮೆರಿಕದಲ್ಲಿ 1983ರಿಂದ ಪೊಲೀಸರೇ ಶಾಲೆಗೆ ಬಂದು ಮಕ್ಕಳಿಗೆ ಪಾಠ ಮಾಡುವ ಡೇರ್ ಅನ್ನುವ ಕಾರ್ಯಕ್ರಮ ನಡೆಯಿತು. ಬಹಳ ದುಡ್ಡು ಖರ್ಚಾಯಿತು. ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಐಸ್‌ಲ್ಯಾಂಡ್ ಅನ್ನುವ ಪುಟ್ಟ ದೇಶ ಬೇರೆ ದಾರಿ ಹಿಡಿಯಿತು. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದರು. 2016ಕ್ಕೆ ಅದು ನೂರಕ್ಕೆ 5. ಏನು ಮಾಡಿದರು? ಆಟದ ಮೈದಾನ, ಸಂಗೀತ, ನೃತ್ಯ, ಅದಕ್ಕೆ ಮನೆಮನೆಗೆ ದುಡ್ಡಿನ ಸಹಾಯ. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಮಕ್ಕಳು ಹೊರಗಿರಬಾರದು ಅಂತ ನಿಯಮ. ಅದನ್ನು ಪೊಲೀಸರಿಗಿಂತ ಜಾಸ್ತಿ ನೋಡಿಕೊಂಡವರು ಅಪ್ಪ-ಅಮ್ಮಂದಿರು. ಸಂಜೆ ಗುಂಪು ಕಟ್ಟಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದರು. ಬೈಯಲಿಕ್ಕಲ್ಲ, ಕಣ್ಣಿಗೆ ಬೀಳಲಿಕ್ಕೆ.

ಅದು ಐಸ್‌ಲ್ಯಾಂಡು, ಜನ ನಾಲ್ಕು ಲಕ್ಷವೂ ಇಲ್ಲ, ನಮಗೆ ಹೊಂದುವುದಿಲ್ಲ ಅನ್ನಬಹುದು. ಸರಿ. ಆದರೆ ನಮ್ಮ ಹೈಸ್ಕೂಲಿನ ಮೈದಾನಕ್ಕೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಬೀಗ ಹಾಕುವವರು ನಾವೇ. ಹುಡುಗರು ವಾಲಿಬಾಲ್ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿರುತ್ತಾರೆ. ಕೆರೆ ಏರಿಗೆ ಬೀಗ ಇಲ್ಲ, ಅಲ್ಲಿಗೆ ಹೋಗುತ್ತಾರೆ. ಈ ಬೀಗದ ಕೈಯನ್ನು ಯಾರ ಹತ್ತಿರ ಇಡೋಣ ಅಂತ ಇವತ್ತು ಹೋಗುವ ಮೊದಲು ತೀರ್ಮಾನ ಮಾಡೋಣ. ನನಗೆ ಈ ಭಾಷಣಕ್ಕಿಂತ ಆ ಬೀಗದ ಕೈ ಮುಖ್ಯ.

ಅಂಗಡಿಯ ಮಾತು. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು. ಜನ ಬೈದ ಮೇಲೆ ಕೈಬಿಟ್ಟರು. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಇನ್ನೂ ಗಟ್ಟಿ. ಡಾಕ್ಟರ್ ಹೇಳದೆ ಮಗುವಿಗೆ ಮದ್ಯ, ಮಾದಕ, ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕೊಟ್ಟವನು ಅಂಗಡಿಯವನೇ ಆಗಬೇಕಿಲ್ಲ, ಸೋದರಮಾವನೂ ಆಗಬಹುದು. 78ನೇ ಕಲಮು ಮಕ್ಕಳ ಕೈಲಿ ಮದ್ಯ ಮಾರಿಸುವುದು, ಹೊರಿಸುವುದು, ಸಾಗಿಸುವುದಕ್ಕೆ. ಶಿಕ್ಷೆ ಅಷ್ಟೇ. “ಹೋಗೋ, ಎರಡು ಪ್ಯಾಕೆಟ್ ತಗೊಂಡ್ ಬಾ, ಚಿಲ್ಲರೆ ನೀನೇ ಇಟ್ಕೋ” ಅಂತ ಕಳಿಸುತ್ತೀರಲ್ಲ, ಅದನ್ನು ಒಮ್ಮೆ ಈ ಕಲಮಿನ ಪಕ್ಕದಲ್ಲಿ ಇಟ್ಟು ನೋಡಿ.

(ಇಲ್ಲಿ ಯಾರೂ ನಗಲಿಲ್ಲ. ನಾನು ನೀರು ಕುಡಿದು, ಪ್ರಶ್ನೆ ಇದ್ದರೆ ಕೇಳಿ ಅಂದೆ.)

ಒಬ್ಬ ಅಕ್ಕ ಎದ್ದು ನಿಂತರು. ಊಟಕ್ಕೆ ಬೆರೆಸಿ ಕೊಟ್ಟರೆ ಕುಡಿತ ಬಿಡಿಸುವ ಪುಡಿ ಸಿಗುತ್ತದಂತೆ, ಗಂಡನಿಗೆ ಗೊತ್ತಿಲ್ಲದ ಹಾಗೆ ಸಾರಿಗೆ ಹಾಕಬಹುದಾ ಅಂತ ಕೇಳಿದರು. ದಯವಿಟ್ಟು ಹಾಕಬೇಡಿ ಅಂದೆ. ಡೈಸಲ್ಫಿರಾಂ ಅನ್ನುವ ಔಷಧಿ ಇದೆ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದು ಜೀವಕ್ಕೇ ಅಪಾಯ ಬರಬಹುದು. ಕುಡಿಯುವವನಿಗೆ ಹೇಳಿ, ಅವನು ಒಪ್ಪಿದ ಮೇಲೆ, ಡಾಕ್ಟರ್ ಮಾತ್ರ ಕೊಡಬೇಕಾದ ಔಷಧಿ ಅದು. ಪೊಟ್ಟಣದಲ್ಲಿ ಮಾರುವ ಪುಡಿಯಲ್ಲಿ ಅದೇ ಇದೆಯಾ, ಇನ್ನೇನಾದರೂ ಇದೆಯಾ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಮುಂದಿನ ಸಾಲಿನ ಒಬ್ಬರು ತಲೆ ತಗ್ಗಿಸಿಕೊಂಡೇ ಕೇಳಿದರು: “ನಾನೇ ಕುಡೀತೀನಿ ಸಾರ್. ಮಗನಿಗೆ ಯಾವ ಬಾಯಲ್ಲಿ ಹೇಳಲಿ?” ಅದೇ ಬಾಯಲ್ಲಿ ಹೇಳಿ ಅಂದೆ. “ನಾನು ನಿನ್ನ ವಯಸ್ಸಿಗೆ ಶುರು ಮಾಡಿದೆ, ಇವತ್ತಿಗೂ ಬಿಡೋಕೆ ಆಗ್ತಿಲ್ಲ” ಅಂತ ಅಪ್ಪನೇ ಹೇಳಿದರೆ ಮಗ ಕೇಳುತ್ತಾನೆ, ಮೇಷ್ಟ್ರು ಹೇಳಿದ್ದಕ್ಕಿಂತ ಚೆನ್ನಾಗಿ ಕೇಳುತ್ತಾನೆ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದಾ ಅಂತ ಕೇಳಿದೆ. ಹೌದು ಅಂದರು. ಹಾಗಿದ್ದರೆ ನಾಳೆಯಿಂದ ಬಿಟ್ಟೆ ಅಂತ ಒಮ್ಮೆಲೇ ನಿಲ್ಲಿಸಬೇಡಿ, ಆಸ್ಪತ್ರೆಗೆ ಹೋಗಿ ಮಾತ್ರೆ ತಗೊಂಡು ನಿಲ್ಲಿಸಿ ಅಂದೆ. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಶುರುವಾಗಬಹುದು. ದೇವರ ಮುಂದೆ ಆಣೆ ಮಾಡಿ ಬಿಟ್ಟವರು ಮೂರನೇ ದಿನ ಗೋಡೆ ಹತ್ತಿರ ಮಾತಾಡಿದ ಕಥೆ ನಿಮ್ಮ ಊರಿನಲ್ಲೂ ಇರುತ್ತದೆ. ಅದು ದೆವ್ವ ಅಲ್ಲ.

ಮಗನನ್ನು ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತದಾ ಅಂತ ಇನ್ನೊಬ್ಬರ ಭಯ. ಚಿಕಿತ್ಸೆ ಕೊಡಿಸಿದ್ದಕ್ಕೆ ಡಾಕ್ಟರ್ ಯಾರನ್ನೂ ಹಿಡಿದುಕೊಡುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮಿನಲ್ಲಿ, ಸ್ವಲ್ಪ ಪ್ರಮಾಣ ಇಟ್ಟುಕೊಂಡು ಅಥವಾ ಸೇವಿಸಿ ಸಿಕ್ಕಿದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ಬಿಡುವುದಕ್ಕೆ ದಾರಿ ಇದೆ. ಮೊದಲು ಫೋನಿನಲ್ಲೇ ಮಾತಾಡಬೇಕು ಅಂದರೆ 14446, ಅದು ವ್ಯಸನದ ಸಹಾಯವಾಣಿ. ಮನಸ್ಸಿನ ಕಷ್ಟಕ್ಕೆ 14416, ಟೆಲಿ ಮಾನಸ್. ಮಗು ಅಪಾಯದಲ್ಲಿದ್ದರೆ 1098. ಹೆಸರು ಹೇಳಲೇಬೇಕು ಅಂತ ಇಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಜಾಸ್ತಿ ಆಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಇಲ್ಲಿಂದ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್ ಬರಬಹುದು.

ಕೊನೆಗೆ ಹಿಂದಿನ ಸಾಲಿನ ಆ ಹಿರಿಯರೇ ಮತ್ತೆ ಎದ್ದರು. “ಅಲ್ಲಾ ಸಾರ್, ಎಡೇಲಿ ಬಾಟ್ಲಿ ಇಡದೇ ಹೋದ್ರೆ ನಮ್ಮಪ್ಪ ಬೇಜಾರು ಮಾಡ್ಕೊಳಲ್ವಾ?” ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಅವರ ಸೊಸೆ ಇರಬೇಕು, ಕೂತಲ್ಲಿಂದಲೇ ಕೇಳಿದರು: “ತಾತ ಹೋಗಿದ್ದು ಯಾತರಿಂದ ಮಾವ?”

ಅವರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೂತರು. ಅಷ್ಟರಲ್ಲಿ ಯಾರದೋ ಫೋನು. “ಹುಳ ನಾಲ್ಕನೇ ಜ್ವರ ಎದ್ದಿದೆ ಸಾರ್, ಸೊಪ್ಪು ಹಾಕ್ಬೇಕು” ಅಂತ ಒಬ್ಬರು ಎದ್ದರು, ಅವರ ಹಿಂದೆ ಹತ್ತು ಜನ ಎದ್ದರು. ಬೀಗದ ಕೈಯ ವಿಷಯ ಬಾಗಿಲಲ್ಲೇ ನಿಂತು ಮಾತಾಡಿದೆವು. ವಾರಕ್ಕೊಬ್ಬರ ಹಾಗೆ ನಾಲ್ಕು ಜನ ತಂದೆಯರು ಒಪ್ಪಿಕೊಂಡರು. ಐದನೇ ವಾರ ಇದ್ದ ತಿಂಗಳು ನನ್ನ ಪಾಲಿಗೆ ಬಂತು.

ಭವನದಲ್ಲಿ ಉಳಿದವರು ನಾನು, ಮೈಕ್ ಸೆಟ್ಟಿನ ಹುಡುಗ ಇಬ್ಬರೇ. ಹದಿನಾರೋ ಹದಿನೇಳೋ ಇರಬೇಕು. ಸ್ಪೀಕರಿನ ವೈರು ಮೊಣಕೈಗೆ ಸುತ್ತಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದ: “ಸಾರ್, ಆ ಬಿಯರ್ ಲೆಕ್ಕ ಇನ್ನೊಂದ್ಸಲ ಹೇಳ್ತೀರಾ?”

ಹೇಳಿದೆ. 650, ನೂರಕ್ಕೆ 8, 41 ಗ್ರಾಂ. ಎಲ್ಲಿ ಸಿಗುತ್ತೆ, ಯಾರು ಕೊಡ್ತಾರೆ ಅಂತ ಬಾಯಿಯ ತುದಿಗೆ ಬಂದಿತ್ತು. ತಡೆದುಕೊಂಡೆ. ಯಾಕಪ್ಪಾ ಅಂದೆ.

ಅವನು ವೈರು ಸುತ್ತುವುದನ್ನು ನಿಲ್ಲಿಸಿ ಸ್ಟೇಜಿನ ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ.